ಮೂರೇ ಸಲ ಬರುವ ಒಂದು ಪದ

ಹಿಪ್ಪಾಜೋನ್. ಇಡೀ ಹೀಬ್ರೂ ಬೈಬಲ್‌ನಲ್ಲಿ ಈ ಪದ ಬರುವುದು ಮೂರೇ ಸಲ. ಗಡಿಬಿಡಿ, ಧಾವಂತ ಎಂದು ಅರ್ಥ.

ಮೊದಲೆರಡು ಸಲ ಅದು ಬರುವುದು ಇಸ್ರೇಲರು ಈಜಿಪ್ಟಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಪ್ರಸಂಗದಲ್ಲಿ. ನಡುಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು ಗಡಿಬಿಡಿಯಲ್ಲೇ ಊಟ ಮುಗಿಸಿ ಎನ್ನುತ್ತದೆ ವಿಮೋಚನಕಾಂಡದ 12ನೇ ಅಧ್ಯಾಯ. ಹಾಗೆ ಗಡಿಬಿಡಿಯಲ್ಲಿ ಹೊರಟಿರಲ್ಲ, ಅದರ ನೆನಪಿಗೆ ಹುಳಿ ಹಾಕದ ರೊಟ್ಟಿ ತಿನ್ನಿ ಎನ್ನುತ್ತದೆ ಧರ್ಮೋಪದೇಶಕಾಂಡದ 16ನೇ ಅಧ್ಯಾಯ. ಮೂರನೆಯದು ಪ್ರವಾದಿ ಯೆಶಾಯನ ಹೆಸರಿನ ಪುಸ್ತಕದ 52ನೇ ಅಧ್ಯಾಯದಲ್ಲಿ. ಅಲ್ಲಿ ಜನ ಹೊರಡಬೇಕಾಗಿರುವುದು ಬಾಬಿಲೋನಿನಿಂದ. ಪ್ರವಾದಿ ಹೇಳುತ್ತಾನೆ: ನೀವು ಗಡಿಬಿಡಿಯಲ್ಲಿ ಹೊರಡುವುದಿಲ್ಲ, ಓಡಿಹೋಗುವುದೂ ಇಲ್ಲ.

ಒಂದು 'ಇಲ್ಲ' ಸೇರಿಸಿ ಆತ ಹಳೆಯ ಕಥೆಯನ್ನೇ ಮಗುಚಿ ಹಾಕಿದ.

ಯೆಶಾಯ ಪುಸ್ತಕ ಒಂದೇ ಕೈಯ ಬರಹವಲ್ಲ ಎಂಬುದು ಹಳೆಯ ಮಾತು, ಅದನ್ನು ಇಲ್ಲಿ ಕೆದಕುವುದಿಲ್ಲ. 40ರಿಂದ 55ನೇ ಅಧ್ಯಾಯದವರೆಗಿನ ಕವಿ ಕ್ರಿ.ಪೂ. 6ನೇ ಶತಮಾನದವನು. ಕ್ರಿ.ಪೂ. 586ರ ಸುಮಾರಿಗೆ ಜೆರುಸಲೇಮು ಸುಟ್ಟುಹೋಗಿತ್ತು. ಊರಿನ ಮುಖ್ಯಸ್ಥರೆಲ್ಲ ಬಾಬಿಲೋನಿನಲ್ಲಿ ಸೆರೆಯಾಳುಗಳು. 539ರಲ್ಲಿ ಪರ್ಷಿಯಾದ ಸೈರಸ್ ಬಾಬಿಲೋನನ್ನೇ ಗೆದ್ದ. ಈಗ ಕದ್ದು ಓಡುವ ಅಗತ್ಯವಿಲ್ಲ, ರಾಜನ ಅಪ್ಪಣೆಯಿಂದಲೇ ಮನೆಗೆ ಹೋಗಬಹುದು. ಇದನ್ನು ಹೇಳಲು ಕವಿಗೆ ಹೊಸ ಪದ ಬೇಕಾಗಲಿಲ್ಲ.

ಪ್ರವಾದಿ ಎಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಕಾಲಜ್ಞಾನ. ಎಲ್ಲೋ ಭೂಕಂಪವಾದರೆ ಮಾರನೇ ದಿನ 'ಇದನ್ನು ಆಗಲೇ ಹೇಳಿದ್ದರು' ಎಂಬ ವಾಟ್ಸ್‌ಆ್ಯಪ್ ಸಂದೇಶ ಬರುತ್ತದಲ್ಲ, ಆ ಜಾತಿಯದ್ದು. ನನಗೆ ಇದು ಕೇಳಿ ಕೇಳಿ ಸಾಕಾಗಿದೆ. ಹೀಬ್ರೂ ಪ್ರವಾದಿಗಳ, ಅದರಲ್ಲೂ ತಡವಾಗಿ ಬಂದವರ, ದೊಡ್ಡ ಕೆಲಸ ಮುಂದಿನದನ್ನು ನೋಡುವುದಾಗಿರಲಿಲ್ಲ. ಹಿಂದಿನದನ್ನು ಓದುವುದಾಗಿತ್ತು.

ಯೆಶಾಯದಲ್ಲಿ ಹಿಪ್ಪಾಜೋನ್ ಮತ್ತೆ ಬಂದದ್ದು ಕಾಕತಾಳೀಯ ಅಲ್ಲ ಅಂತ ಹೇಗೆ ಗೊತ್ತು? ನನಗೆ ತುಂಬ ಇಷ್ಟವಾದ ಭಾಗ ಇದೇ. ಒಂದು ಗಾದೆ ತಗೊಳ್ಳಿ. ಕೈ ಕೆಸರಾದರೆ ಬಾಯಿ ಮೊಸರು. ಈರುಳ್ಳಿ ಬೆಲೆ ಬಿದ್ದ ದಿನ ರೈತನೊಬ್ಬ 'ಕೈ ಕೆಸರಾಗಿದ್ದು ನಂದು, ಬಾಯಿ ಮೊಸರಾಗಿದ್ದು ದಲ್ಲಾಳಿದು' ಅಂದ ಅಂದುಕೊಳ್ಳಿ. ಮೂಲ ಗಾದೆ ಗೊತ್ತಿಲ್ಲದವನಿಗೆ ಆ ಮಾತಿನ ಕುಟುಕು ತಟ್ಟುವುದೇ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ. ತಿರುಚಿದ ಮಾತು ನೆಟ್ಟಗಿನ ಮಾತಿಗಿಂತ ಮೊದಲು ಹುಟ್ಟಲು ಸಾಧ್ಯವಿಲ್ಲ. ವಿಮೋಚನಕಾಂಡದ ಯಾವ ಸಾಲು ಯಾವಾಗ ಬರೆದದ್ದು ಅಂತ ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ, ನಿಜ. ಆದರೆ ಗಡಿಬಿಡಿಯಲ್ಲಿ ಹೊರಟ ಕಥೆ ಕೇಳುಗರಿಗೆ ಗೊತ್ತಿಲ್ಲದಿದ್ದರೆ 'ಗಡಿಬಿಡಿಯಿಲ್ಲ' ಅನ್ನುವುದಕ್ಕೆ ಏನರ್ಥ?

ಇಲ್ಲವೇ ಕೌದಿ ನೋಡಿ. ಅಜ್ಜಿಯ ಇಳಕಲ್ ಸೀರೆಯ ಸೆರಗು ಕೌದಿಯ ಮೂಲೆಯಲ್ಲಿ ಕಂಡರೆ ಮನೆಯವರಿಗೆ ತಕ್ಷಣ ಗುರುತು ಸಿಗುತ್ತದೆ. ಸುಮ್ನೆ ಒಂದು ಕೆಂಪು ಚಿಂದಿಯಾದರೆ ಯಾವ ಸೀರೆಯದೂ ಆಗಿರಬಹುದು. 'ರಾಜ', 'ಮನೆ'ಯಂಥ ಪದಗಳು ಕೆಂಪು ಚಿಂದಿ ಇದ್ದಹಾಗೆ, ಎಲ್ಲ ಕಡೆ ಇರುತ್ತವೆ. ಹಿಪ್ಪಾಜೋನ್ ಆ ಸೆರಗು.

ಹೊಲಿಗೆಯಲ್ಲೂ ಒಂದು ಗುಟ್ಟಿದೆ. ಹಳೆಯ ಮಾತನ್ನು ಎತ್ತಿಕೊಳ್ಳುವವರು ಎಷ್ಟೋ ಸಲ ಅದರ ಎರಡು ಭಾಗಗಳನ್ನು ಹಿಂದುಮುಂದು ಮಾಡುತ್ತಾರೆ. ಯಾಜಕಕಾಂಡ 26ರಲ್ಲಿ ಭೂಮಿ ಬೆಳೆ ಕೊಡುತ್ತದೆ, ಆಮೇಲೆ ಹೊಲದ ಮರ ಹಣ್ಣು ಕೊಡುತ್ತದೆ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ 34ನೇ ಅಧ್ಯಾಯದಲ್ಲಿ ಮೊದಲು ಹೊಲದ ಮರದ ಹಣ್ಣು, ಆಮೇಲೆ ಭೂಮಿಯ ಬೆಳೆ. ಪದಗಳು ಅವೇ. 20ನೇ ಶತಮಾನದಲ್ಲಿ ಸೈಡೆಲ್ ಎಂಬ ವಿದ್ವಾಂಸ ಈ ಚಾಳಿಯನ್ನು ಗುರುತಿಸಿದ್ದರಿಂದ ಇದಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ನಿಯಮ ಅಂತ ಕರೆಯುತ್ತಾರೆ, ಆದರೆ ಗುರುತ್ವಾಕರ್ಷಣೆಯಂಥ ನಿಯಮವೇನಲ್ಲ. ಒಂದು ಸುಳಿವು, ಅಷ್ಟೇ.

ಹೀಗೆ ಎತ್ತಿಕೊಂಡದ್ದು ಬರೀ ತಮ್ಮ ಮನೆಯ ಸೀರೆಗಳಿಂದ ಅಲ್ಲ. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಹೊಲ ಉಳುತ್ತಿದ್ದ ರೈತನ ನೇಗಿಲು ಒಂದು ಕಲ್ಲಿಗೆ ತಗುಲಿತು. ಕಲ್ಲಿನ ಕೆಳಗೆ ಸಮಾಧಿ. ಅಲ್ಲಿಂದ ಶುರುವಾದ ಅಗೆತದಲ್ಲಿ ಉಗಾರಿಟ್ ಎಂಬ ಊರೇ ಸಿಕ್ಕಿತು, ಅದರ ಮಣ್ಣಿನ ಹಲಗೆಗಳೂ ಸಿಕ್ಕವು. ಅವುಗಳಲ್ಲಿ ಬಾಳ ದೇವರು ಏಳು ತಲೆಯ ಸಮುದ್ರ ಸರ್ಪವನ್ನು ಹೊಡೆದ ಮಾತಿದೆ. ಓಡುವ ಹಾವು, ಸುರುಳಿ ಸುತ್ತುವ ಹಾವು ಎಂದು ಅದರ ಬಣ್ಣನೆ. ಇವೇ ಎರಡು ವಿಶೇಷಣಗಳು, ಹೆಚ್ಚುಕಡಿಮೆ ಅವೇ ಪದಗಳಲ್ಲಿ, ನೂರಾರು ವರ್ಷಗಳ ಮೇಲೆ ಯೆಶಾಯ 27ರಲ್ಲಿ ಲೆವಿಯಾಥಾನ್ ಎಂಬ ಸರ್ಪಕ್ಕೆ ಬಂದಿವೆ. ಉಗಾರಿಟ್‌ನಲ್ಲಿ ಅದು ಆಗಿಹೋದ ಕಾಳಗ. ಯೆಶಾಯದಲ್ಲಿ 'ಆ ದಿನ' ಯೆಹೋವ ಅದನ್ನು ಕೊಲ್ಲುತ್ತಾನೆ, ಅಂದರೆ ಇನ್ನು ಮುಂದೆ. ದೇವರೂ ಬೇರೆ, ಕಾಲವೂ ಬೇರೆ. ಹಾವು ಮಾತ್ರ ಹಳೆಯದೇ.

ಹಿಂದೆ ಓದಿ ಮುಂದೆ ಹೇಳುವ ಈ ಕೆಲಸವನ್ನು ಎಲ್ಲರಿಗಿಂತ ಬಿಚ್ಚಿ ತೋರಿಸುವುದು ದಾನಿಯೇಲನ ಪುಸ್ತಕ. ಬಾಬಿಲೋನಿನ ಆಳ್ವಿಕೆ 70 ವರ್ಷ ಎಂದಿದ್ದ ಹಿಂದಿನ ಪ್ರವಾದಿ ಯೆರೆಮೀಯ. 9ನೇ ಅಧ್ಯಾಯದಲ್ಲಿ ದಾನಿಯೇಲ ತಾನು ಗ್ರಂಥಗಳಲ್ಲಿ ಆ ಲೆಕ್ಕವನ್ನು ಓದಿ ಯೋಚಿಸುತ್ತಿದ್ದೆ ಎಂದೇ ಹೇಳುತ್ತಾನೆ. ಆಗ ದೇವದೂತ ಬಂದು, ಅದು 70 ಅಲ್ಲ, 70 ಏಳುಗಳು ಎನ್ನುತ್ತಾನೆ. ಅಂದರೆ 490 ವರ್ಷ. ಯಾಕಪ್ಪಾ ಈ ಗುಣಾಕಾರ? ಈ ಭಾಗ ಬರೆದದ್ದು ಕ್ರಿ.ಪೂ. 165ರ ಆಸುಪಾಸಿನಲ್ಲಿ. ಆಗ ಆಳುತ್ತಿದ್ದ ಗ್ರೀಕ್ ದೊರೆ 4ನೇ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಅಪವಿತ್ರ ಮಾಡಿದ್ದ. ಸೆರೆ ಮುಗಿದರೂ ಕಷ್ಟ ಮುಗಿದಿರಲಿಲ್ಲ. ಯೆರೆಮೀಯನ ಮಾತನ್ನು ಸುಳ್ಳು ಎನ್ನುವಂತಿಲ್ಲ, ಹಾಗಾಗಿ ಹಿಗ್ಗಿಸಿದರು.

ಈ ಹಿಗ್ಗಿಸಾಟ ಆಮೇಲೆ ನಿಲ್ಲಲೇ ಇಲ್ಲ. ಅಮೆರಿಕದ ರೈತ ವಿಲಿಯಂ ಮಿಲ್ಲರ್ ಅದೇ ಪುಸ್ತಕದ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸುತ್ತ ಬಂದ. ಕೊನೆಗೆ ಅವನ ಅನುಯಾಯಿಗಳು ನಿಗದಿ ಮಾಡಿದ ದಿನ 1844ರ ಅಕ್ಟೋಬರ್ 22. ಕ್ರಿಸ್ತ ಇಳಿದು ಬರುತ್ತಾನೆಂದು ಸಾವಿರಾರು ಜನ ಕಾದರು. ಬೆಳಗಾಯಿತು. ಹಸು ಕರೆಯುವ ಹೊತ್ತೂ ಆಯಿತು.

ಇಂಥ ಲೆಕ್ಕಿಗರ ಕೈಗೆ ಮೊದಲು ಯೋನನ ಪುಟ್ಟ ಪುಸ್ತಕ ಕೊಡಬೇಕು. ವಿಮೋಚನಕಾಂಡ 34ರಲ್ಲಿ ಯೆಹೋವನ ಗುಣ ಹೇಳುವ ಒಂದು ಸೂತ್ರವಿದೆ. ಕರುಣೆಯುಳ್ಳವನು, ಬೇಗ ಸಿಟ್ಟಾಗದವನು ಎಂದು ಶುರುವಾಗಿ, ತಪ್ಪು ಮಾಡಿದವರನ್ನು ಬಿಡದವನು ಎಂದು ಮುಗಿಯುತ್ತದೆ. ಅಸ್ಸೀರಿಯಾದ ನಿನೆವೆ ನಗರದ ಮೇಲೆ ಕೆಂಡ ಕಾರುವ ನಹೂಮ ಇದನ್ನು ಎತ್ತಿಕೊಳ್ಳುವಾಗ ಕರುಣೆಯನ್ನು ಕೈಬಿಟ್ಟು 'ಬಿಡದವನು' ಎಂಬುದನ್ನು ಇಟ್ಟುಕೊಂಡ. ಕ್ರಿ.ಪೂ. 612ರಲ್ಲಿ ನಿನೆವೆ ಬಿತ್ತು. ಅದಾಗಿ ಎಷ್ಟೋ ಕಾಲದ ಮೇಲೆ ಯೋನನ ಕಥೆ ಬರೆದವನು ಅದೇ ನಗರ, ಅದೇ ಸೂತ್ರ ತಗೊಂಡು ಇನ್ನೊಂದು ತುದಿ ಹಿಡಿದ. 'ಬಿಡದವನು' ಹೋಯಿತು. ಅದರ ಜಾಗಕ್ಕೆ 'ಕೇಡು ಮಾಡಲು ಹೊರಟು ಮನಸ್ಸು ಬದಲಿಸುವವನು' ಬಂತು.

ನಿನೆವೆಗೆ ಹೋಗು ಎಂದು ದೇವರು ಹೇಳಿದಾಗ ಮೊದಲು ತಪ್ಪಿಸಿಕೊಂಡು ಓಡಿದ್ದ ಯೋನ, ಕೊನೆಗೆ ಅಲ್ಲಿಗೆ ಹೋಗಿ ಇನ್ನು 40 ದಿನಕ್ಕೆ ಊರು ಮಗುಚಿಬೀಳುತ್ತದೆ ಎಂದು ಸಾರುತ್ತಾನೆ. ಮಗುಚುವುದಕ್ಕೆ ಅಲ್ಲಿರುವ ಹೀಬ್ರೂ ಕ್ರಿಯಾಪದ ಆದಿಕಾಂಡದಲ್ಲಿ ಸೊದೋಮ್ ನಾಶವಾದಾಗ ಬಂದದ್ದೇ. ಆದರೆ ಅದಕ್ಕೆ ಬದಲಾಗುವುದು ಎಂಬ ಅರ್ಥವೂ ಇದೆ. ಊರು ಬದಲಾಗುತ್ತದೆ. ಜನ ಪಶ್ಚಾತ್ತಾಪಪಟ್ಟು ಗೋಣಿತಟ್ಟು ಉಡುತ್ತಾರೆ, ದನಕರುಗಳಿಗೂ ಹೊದಿಸುತ್ತಾರೆ. ಏನೂ ಮಗುಚುವುದಿಲ್ಲ. ಹೇಳಿದ ಭವಿಷ್ಯ ಠುಸ್ಸಾಯಿತು ಎಂದು ಯೋನನಿಗೆ ಎಲ್ಲಿಲ್ಲದ ಸಿಟ್ಟು. ಆ ಪವಿತ್ರ ಸೂತ್ರವನ್ನೇ ದೇವರ ಮುಖಕ್ಕೆ ದೂರಿನಂತೆ ಎಸೆಯುತ್ತಾನೆ: ನೀನು ಕರುಣೆಯುಳ್ಳವನು ಅಂತ ನನಗೆ ಗೊತ್ತಿತ್ತು, ಅದಕ್ಕೇ ಮೊದಲೇ ಓಡಿಹೋಗಿದ್ದೆ!

ದೇವರು ತಿರುಗಿ ಕೇಳುತ್ತಾನೆ: ಆ ದೊಡ್ಡ ಊರಿನಲ್ಲಿ ಎಡ ಯಾವುದು ಬಲ ಯಾವುದು ತಿಳಿಯದ 1,20,000ಕ್ಕೂ ಜಾಸ್ತಿ ಜನ ಇದ್ದಾರಲ್ಲ, ಅವರಿಗಾಗಿ ನಾನು ಮರುಗಬಾರದಾ? ದನಕರುಗಳೂ ಬೇಕಾದಷ್ಟಿವೆ. ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಯೋನ ಏನಂದ ಅಂತ ಬರೆದಿಲ್ಲ.