ಗಿರಕಿ ಹೊಡೆಯುವ ಆಟಗಾರರಿಗೂ ಒಂದು ಸಂಘ

ಸ್ವಿಚ್ ಒತ್ತಿದರೆ ತಗಡಿನ ಮೈದಾನ ಗುಂಯ್ ಎಂದು ನಡುಗುತ್ತದೆ. ಮೇಲೆ ನಿಲ್ಲಿಸಿದ ಇಪ್ಪತ್ತೆರಡು ಪ್ಲಾಸ್ಟಿಕ್ ಆಟಗಾರರು ಹೊರಟೇ ಬಿಡುತ್ತಾರೆ. ಎತ್ತ ಎಂಬುದು ಮಾತ್ರ ಅವರ ಇಷ್ಟ. ಒಬ್ಬ ಎದುರಾಳಿಯ ಮೇಲೆ ನುಗ್ಗುತ್ತಾನೆ, ಇನ್ನೊಬ್ಬ ಗೆರೆ ದಾಟಿ ಅಂಚಿಗೆ ಒರಗುತ್ತಾನೆ, ಚೆಂಡು ಹೊತ್ತವನು ನಿಂತಲ್ಲೇ ಗಿರಕಿ ಹೊಡೆಯುತ್ತಾನೆ. ಅಮೆರಿಕದ ಒಂದಿಡೀ ತಲೆಮಾರಿನ ಹುಡುಗರು ಕ್ರಿಸ್‌ಮಸ್ ಉಡುಗೊರೆಯಾಗಿ ಬೇಡಿ ಪಡೆದ ಎಲೆಕ್ಟ್ರಿಕ್ ಫುಟ್ಬಾಲ್ ಇದು. ಫುಟ್ಬಾಲ್ ಎಂದರೆ ಇಲ್ಲಿ ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ಹೇಳಿದ ಮಾತು ಕೇಳದ ಈ ಆಟಿಕೆಗೆ ಮುಂದೆ ಲೀಗುಗಳು, ಚಾಂಪಿಯನ್‌ಶಿಪ್, ನಿಯಮ ಪುಸ್ತಕ, ಕೊನೆಗೊಂದು ಸಂಘವೂ ಹುಟ್ಟಿಕೊಂಡವು.

ಮೂಲ ಇರುವುದು ನ್ಯೂಯಾರ್ಕಿನ ಟ್ಯೂಡರ್ ಮೆಟಲ್ ಪ್ರಾಡಕ್ಟ್ಸ್ ಕಂಪನಿಯಲ್ಲಿ. ಅಮೆರಿಕದ ಹೆಸರಾಂತ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ ಓದಿ ಬಂದ ನಾರ್ಮನ್ ಸಾಸ್ 1948ರಲ್ಲಿ ಅದರ ಹೊಣೆ ವಹಿಸಿಕೊಂಡರು. ತಗಡನ್ನು ನಡುಗಿಸಿ ಪುಟ್ಟ ಕಾರುಗಳನ್ನು ಓಡಿಸುವ ರೇಸಿನ ಆಟಿಕೆ ಕಂಪನಿಯಲ್ಲಿ ಆಗಲೇ ಇತ್ತು. ಎಲ್ಲವೂ ಒಂದೇ ದಿಕ್ಕಿಗೆ ಓಡಬೇಕೆಂದೇನಿದೆ, ಎದುರುಬದುರು ನಿಲ್ಲಿಸಿದರೆ ಡಿಕ್ಕಿಯೂ ಆಗುತ್ತದಲ್ಲ ಎಂಬುದು ಸಾಸ್‌ಗೆ ಹೊಳೆದ ಸಂಗತಿ. ಡಿಕ್ಕಿ ಎಂದ ಮೇಲೆ ಅಮೆರಿಕದಲ್ಲಿ ಫುಟ್ಬಾಲ್ ಬಿಟ್ಟು ಬೇರೇನು ನೆನಪಾದೀತು? 1949ರಲ್ಲಿ ಮೊದಲ ಸೆಟ್, ಮಾಡೆಲ್ 500, ಅಂಗಡಿಗೆ ಬಂತು.

ಯಂತ್ರ ಸರಳ. ಮೈದಾನದ ಅಡಿಯಲ್ಲೊಂದು ವಿದ್ಯುತ್ಕಾಂತ. ಗೋಡೆಯ ಪ್ಲಗ್ಗಿನಿಂದ ಬರುವ ಎಸಿ ಕರೆಂಟಿಗೆ ತಕ್ಕಂತೆ ಅದು ಸೆಕೆಂಡಿಗೆ ಹತ್ತಾರು ಸಲ ತಗಡನ್ನು ಸೆಳೆದು ಬಿಡುತ್ತದೆ. ಆಟಗಾರನ ಪೀಠದ ಕೆಳಗೆ ತುಸು ಓರೆಯಾಗಿ ಬಾಗಿದ ಪ್ಲಾಸ್ಟಿಕ್ ಕಾಲುಗಳಿರುತ್ತವೆ. ತಗಡು ಎದ್ದಾಗಲೆಲ್ಲ ಈ ಕಾಲುಗಳು ಪೀಠವನ್ನು ಕೂದಲೆಳೆಯಷ್ಟು ಮುಂದಕ್ಕೆ ಒದೆಯುತ್ತವೆ. ಒಂದು ಕಾಲು ಇನ್ನೊಂದಕ್ಕಿಂತ ಚೂರು ಹೆಚ್ಚು ಬಾಗಿದ್ದರೂ ಸಾಕು, ಆಟಗಾರ ಸುತ್ತತೊಡಗುತ್ತಾನೆ. ಹುಡುಗರ ತಲೆ ಕೆಡಿಸಿದ್ದ ಗಿರಕಿಯ ಗುಟ್ಟು ಇಷ್ಟೇ.

ಟ್ಯೂಡರ್‌ಗೆ ಗೋಥಮ್ ಎಂಬ ಪ್ರತಿಸ್ಪರ್ಧಿ ಕಂಪನಿಯಿತ್ತು. ಅಮೆರಿಕದ ವೃತ್ತಿಪರ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನ ಹೆಸರು ಬಳಸುವ ಪರವಾನಗಿ ಮೊದಲು ದಕ್ಕಿದ್ದು ಅದಕ್ಕೆ. 1967ರಲ್ಲಿ ಆ ಪರವಾನಗಿ ಟ್ಯೂಡರ್ ಪಾಲಾದಾಗ ಆಟದ ಚಹರೆಯೇ ಬದಲಾಯಿತು. ವಿನ್ಯಾಸಕಾರ ಲೀ ಪೇನ್ ಓಡುವ, ಬಾಗಿ ನಿಲ್ಲುವ, ಅಡ್ಡಗಟ್ಟುವ ಭಂಗಿಗಳಲ್ಲಿ ಮೈತುಂಬಿದ ಗೊಂಬೆಗಳನ್ನು ರೂಪಿಸಿದರು. ಅವು ನಿಜವಾದ ತಂಡಗಳ ಬಣ್ಣ ತೊಟ್ಟು ಬಂದವು. ಮುಂದೆ ಪೀಠದಡಿಯಲ್ಲಿ ತಿರುಗಿಸುವ ಪುಟ್ಟ ಡಯಲ್ ಕೂಡ ಸೇರಿತು. ಎಡಕ್ಕೋ ಬಲಕ್ಕೋ ನೆಟ್ಟಗೋ ಎಂದು ಮೊದಲೇ ಗುರುತು ಮಾಡಿ ಬಿಡಬಹುದಿತ್ತು. ಪಾಲಿಸುವುದು ಬಿಡುವುದು ಆಟಗಾರನಿಗೆ ಸೇರಿದ್ದು.

ಪೆಟ್ಟು ಬಿದ್ದದ್ದು 1977ರಲ್ಲಿ. ಮ್ಯಾಟೆಲ್ ಕಂಪನಿ ಅಂಗೈಯಲ್ಲಿ ಹಿಡಿದು ಆಡುವ ಎಲೆಕ್ಟ್ರಾನಿಕ್ ಫುಟ್ಬಾಲ್ ತಂದಿತು. ಅದರಲ್ಲಿ ಆಟಗಾರನೆಂದರೆ ಬರೀ ಕೆಂಪು ಗೀರು, ಆದರೆ ಒತ್ತಿದ ಗುಂಡಿಯ ಮಾತು ಕೇಳುವ ಗೀರು! ಹಿಂದೆಯೇ ವಿಡಿಯೋ ಗೇಮ್‌ಗಳೂ ಬಂದವು. ನಡುಗುವ ತಗಡು ಅಟ್ಟ ಸೇರಿತು, ಟ್ಯೂಡರ್ ಬೇರೆಯವರ ಕೈಗೆ ಹೋಯಿತು.

ಆಟಿಕೆಯಾಗಿ ಅದರ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದಿದ್ದುದಕ್ಕೆ ಕಾರಣ, ಕೆಲವು ಹುಡುಗರು ದೊಡ್ಡವರಾದ ಮೇಲೂ ಗಿರಕಿಯ ತಂಟೆ ಬಿಡಲಿಲ್ಲ. ಇಕ್ಕಳ ಹಿಡಿದು ಪೀಠದ ಒಂದೊಂದೇ ಕಾಲನ್ನು ಎಳೆದು, ಬಗ್ಗಿಸಿ, ಮತ್ತೆ ಬೋರ್ಡಿನ ಮೇಲೆ ಓಡಿಸಿ ನೋಡಿದರು. ಈ ಕೆಲಸಕ್ಕೆ ಅವರು ಕೊಟ್ಟ ಹೆಸರು ಟ್ವೀಕಿಂಗ್. ಕೈ ಪಳಗಿದವರ ಆಟಗಾರ ನೇರ ಓಡುತ್ತಾನೆ, ಬೇಕಾದಲ್ಲಿ ಬಾಗುತ್ತಾನೆ, ಎದುರಿನವನನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುತ್ತಾನೆ. ಹವ್ಯಾಸಿಗಳು ಇಲ್ಲಿ ಪ್ಲೇಯರುಗಳಲ್ಲ, ಕೋಚ್‌ಗಳು. ಪ್ಲೇಯರ್ ಎಂದರೆ ಗೊಂಬೆ. ಈ ಭೇದವನ್ನು ಅವರು ಗಂಭೀರವಾಗಿಯೇ ಪಾಲಿಸುತ್ತಾರೆ, ನಗುವಂತಿಲ್ಲ.

ತಕರಾರು ಶುರುವಾದದ್ದು ಒಂದೂರಿನ ಕೋಚ್ ಇನ್ನೊಂದೂರಿನವನ ಎದುರು ಕೂತಾಗ. ನಮ್ಮಲ್ಲಿ ಬೀದಿಗೊಂದು ಕೇರಂ ಕಾನೂನು ಇರುತ್ತದಲ್ಲ, ರೆಡ್‌ಗೆ ಫಾಲೋ ಬೇಕೇ, ಹೆಬ್ಬೆರಳಲ್ಲಿ ಹೊಡೆಯಬಹುದೇ ಎಂದು, ಹಾಗೆಯೇ ಇದು. ಆಟದ ನಡುವೆ ಸ್ವಿಚ್ ಆರಿಸಿ ಆಟಗಾರನ ದಿಕ್ಕು ಬದಲಿಸಬಹುದೇ? ಪಾಸ್ ಕೊಡಲು ಟ್ಯೂಡರ್ ಸೆಟ್ಟಿನಲ್ಲಿ ಸ್ಪ್ರಿಂಗ್ ತೋಳಿನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆಯುವವನು, ಇರುತ್ತಾನೆ. ಅವನು ಚಿಮ್ಮಿಸಿದ ಪುಟಾಣಿ ಚೆಂಡು ತನ್ನವನ ಮೈಗೆ ತಾಗಿದರೆ ಕ್ಯಾಚ್. ಇದು ಅದೃಷ್ಟದಾಟ ಎಂದು ಕೆಲವು ಲೀಗುಗಳು ಪಾಸ್ ತಲುಪಿತೋ ಇಲ್ಲವೋ ಎಂಬುದನ್ನು ಕಡ್ಡಿಯಿಂದ ಅಳೆದು ತೀರ್ಮಾನಿಸತೊಡಗಿದವು. ತೂಕದ್ದು ಇನ್ನೂ ದೊಡ್ಡ ಜಗಳ. ಭಾರದ ಗೊಂಬೆ ಹಗುರದವನನ್ನು ಸಲೀಸಾಗಿ ತಳ್ಳುತ್ತದೆ. ಹಾಗಾಗಿ ಟೂರ್ನಮೆಂಟುಗಳಲ್ಲಿ ಪೀಠ ಸೇರಿ 4 ಗ್ರಾಂ ಮೀರಬಾರದೆಂಬ ಮಿತಿ ಬಂತು, ಕುಸ್ತಿಪಟುವಿನಂತೆ ಪ್ಲಾಸ್ಟಿಕ್ ಗೊಂಬೆಯೂ ತಕ್ಕಡಿ ಹತ್ತುವಂತಾಯಿತು.

ಮೊದಲಿಗೆ ಈ ಜನರನ್ನು ಒಂದೆಡೆ ಸೇರಿಸಿದ್ದು ಕಂಪನಿಯೇ. 1990ರ ದಶಕದ ಆರಂಭದಲ್ಲಿ ಮೈಕಲ್ ಲ್ಯಾಂಡ್ಸ್‌ಮನ್ ಅವರ ಮಿಗಲ್ ಟಾಯ್ಸ್ ಈ ಆಟವನ್ನು ಕೊಂಡು ಮತ್ತೆ ತಯಾರಿಕೆಗೆ ತಂದಿತು. ಅದು ನಡೆಸಿದ ಸಮಾವೇಶ ಮತ್ತು ಟೂರ್ನಮೆಂಟಿಗೆ ದೇಶದ ಬೇರೆ ಬೇರೆ ಕಡೆಯಿಂದ ಕೋಚ್‌ಗಳು ತಮ್ಮ ತಂಡಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದರು. ಆದರೆ ಕಂಪನಿ ಮಾಡಿದ ನಿಯಮ ಕಂಪನಿಯ ಸಾಮಾನಿಗೆ ಹೊಂದುವ ನಿಯಮ. ಹವ್ಯಾಸಿಗಳಲ್ಲಿ ಎಷ್ಟೋ ಮಂದಿ ಗೊಂಬೆ, ಪೀಠ, ಬೋರ್ಡುಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು, ಮಾರುತ್ತಲೂ ಇದ್ದರು. ಮಿನಿಯೇಚರ್ ಫುಟ್ಬಾಲ್ ಕೋಚಸ್ ಅಸೋಸಿಯೇಷನ್, ಚುಟುಕಾಗಿ ಎಂಎಫ್‌ಸಿಎ, ಬೇಕಾದದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಆಟ ಯಾರ ಕಾರ್ಖಾನೆಯಲ್ಲಿ ತಯಾರಾದರೂ ಆಡುವವರ ಕಡೆಯಿಂದ ಒಂದು ದನಿ ಇರಲಿ ಎಂಬ ಅಗತ್ಯ ಅದು. ವರ್ಷಕ್ಕೊಮ್ಮೆ ಸೇರುವುದು, ಚಾಂಪಿಯನ್‌ಶಿಪ್ ನಡೆಸುವುದು ಈಗ ಸಂಘದ ಕೆಲಸ.

2012ರಲ್ಲಿ ಡಗ್ ಸ್ಟ್ರೋಮ್ ಎಂಬವರು ಮಿಗಲ್ ಕೊಂಡು ಟ್ಯೂಡರ್ ಗೇಮ್ಸ್ ಎಂಬ ಹಳೆಯ ಹೆಸರನ್ನು ಮರಳಿ ತಂದರು. ಅದೇ ವರ್ಷ ನಾರ್ಮನ್ ಸಾಸ್ 87ನೇ ವಯಸ್ಸಿನಲ್ಲಿ ತೀರಿಕೊಂಡರು. ಸಂಘಕ್ಕೂ ಟೂರ್ನಮೆಂಟಿಗೂ ಸೇರದೆ ಮನೆಯಲ್ಲಿ ಒಬ್ಬರೇ ಎರಡೂ ತಂಡಗಳನ್ನು ಆಡಿಸಿ, ಇಡೀ ಸೀಸನ್ನಿನ ಅಂಕಿಅಂಶ ಬರೆದಿಡುವ ಕೋಚ್‌ಗಳೂ ಇದ್ದಾರೆ. ಅವರ ಲೀಗುಗಳಲ್ಲಿ ತಕರಾರು ಕಡಿಮೆ.