ಎಐ ಹೇಳಿದ್ದನ್ನು ಬೇಡ ಅನ್ನಲು ಯಾರಿಗೆ ಪುರುಸೊತ್ತಿದೆ?

ಬೆಂಗಳೂರಿನ ಆಫೀಸುಗಳಲ್ಲಿ ಮ್ಯಾನೇಜರ್‌ಗಳಿಗೆ, ಅವರ ಮೇಲಿನವರಿಗೆ ಎಐ ಟ್ರೈನಿಂಗ್ ಕೊಡುವುದು ಈಗ ಜೋರಾಗಿದೆ. ಇಂಥ ಕಡೆ ಒಂದು ಮಾತು ಬಂದೇ ಬರುತ್ತದೆ: 'ಎಐ ಬರೀ ಸಲಹೆ ಕೊಡುತ್ತೆ, ಕೊನೆಗೆ ಓಕೆ ಮಾಡೋದು ಮನುಷ್ಯರೇ.' ಕೇಳಿದವರಿಗೆಲ್ಲ ಸಮಾಧಾನ. ನನಗೆ ಮಾತ್ರ ಈ ಮಾತಿನ ಮೇಲೇ ಜಾಸ್ತಿ ಅನುಮಾನ.

ಜರ್ಮನಿಯ ಸಂಶೋಧಕರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 27 ಮಂದಿ ರೇಡಿಯಾಲಜಿಸ್ಟ್‌ಗಳಿಗೆ ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಂ, ಓದಲು ಕೊಟ್ಟರು. ಪಕ್ಕದಲ್ಲಿ 'ಎಐ ಸಲಹೆ' ಎಂದು, ಕ್ಯಾನ್ಸರ್ ಅನುಮಾನ ಎಷ್ಟು ಅಂತ ಹೇಳುವ ಒಂದು ಗ್ರೇಡ್ ಇರುತ್ತಿತ್ತು. ಕೆಲವು ಸಲಹೆಗಳು ಬೇಕೆಂದೇ ಕೊಟ್ಟ ತಪ್ಪುಗಳು. ಸಲಹೆ ಸರಿ ಇದ್ದಾಗ ಹೊಸಬರು ಶೇ. 80ರಷ್ಟು ಸಲ ಸರಿಯಾಗಿ ಹೇಳಿದರು. ಸಲಹೆ ತಪ್ಪಿದ್ದಾಗ ಅದು ಶೇ. 20ಕ್ಕೆ ಕುಸಿಯಿತು. ಹೋಗಲಿ, ಹೊಸಬರು ಅನ್ನೋಣ. ತುಂಬಾ ಅನುಭವ ಇದ್ದವರದ್ದೂ ಶೇ. 82ರಿಂದ ಸುಮಾರು 45ಕ್ಕೆ ಇಳಿಯಿತು!

ಇದನ್ನು ಆಟೊಮೇಷನ್ ಬಯಾಸ್ ಅನ್ನುತ್ತಾರೆ. ಇದು ಸೋಮಾರಿತನ ಅಲ್ಲ. ಹತ್ತು ಸಲ ಸರಿ ಹೇಳಿದ ಯಂತ್ರವನ್ನು ಹನ್ನೊಂದನೇ ಸಲ ಅನುಮಾನಿಸಲು ಮನಸ್ಸು ಏಳುವುದಿಲ್ಲ. ಅದರ ಉತ್ತರ ಮೊದಲೇ ಕಣ್ಣಿಗೆ ಬಿದ್ದರೆ, ನಾವು ಅದಕ್ಕೆ ಹೊಂದುವ ಕಾರಣಗಳನ್ನೇ ಹುಡುಕುತ್ತೇವೆ.

ಸಾಲದ ಅರ್ಜಿ ನೋಡುವ ಒಂದು ಟೀಮ್ ಇದೆ ಅಂದುಕೊಳ್ಳಿ. ಆಧಾರ್‌ನಲ್ಲಿ 'ಮಂಜುನಾಥ ಹೆಚ್. ಎನ್.', ಬ್ಯಾಂಕ್ ಪಾಸ್‌ಬುಕ್‌ನಲ್ಲಿ 'ಹೆಚ್. ಎನ್. ಮಂಜುನಾಥ್', ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಸಮೇತ ಪೂರ್ತಿ ಹೆಸರು. ನಮಗೆ ನೋಡಿದ ಕೂಡಲೇ ಒಬ್ಬರೇ ಅಂತ ಗೊತ್ತಾಗುತ್ತದೆ. ಹೆಸರು ಮತ್ತು ಸರ್‌ನೇಮ್ ಅಂತ ಎರಡೇ ಖಾನೆ ಕಲಿತ ಸಾಫ್ಟ್‌ವೇರ್ 'ಹೊಂದಿಕೆ ಇಲ್ಲ' ಎಂದು ಕೆಂಪು ಬಾವುಟ ಎತ್ತಬಹುದು. ಅದನ್ನು ಸರಿಪಡಿಸಲು ಮನುಷ್ಯರು ಇದ್ದಾರಲ್ವಾ? ಇದ್ದಾರೆ. ಆದರೆ ಒಬ್ಬೊಬ್ಬರ ಮುಂದೆ ದಿನಕ್ಕೆ 200 ಫೈಲ್ ಇಟ್ಟರೆ, ಎಂಟು ಗಂಟೆ ಕೂತರೂ ಒಂದಕ್ಕೆ ಎರಡೂವರೆ ನಿಮಿಷ ಸಿಗುವುದಿಲ್ಲ. ಆ ಸಂಖ್ಯೆ ನಿಗದಿ ಮಾಡುವುದು ಮೇಲಿನವರು. ಅದಕ್ಕೇ ಟ್ರೈನಿಂಗ್ ಮೊದಲು ಬೇಕಾಗಿರುವುದು ಅವರಿಗೆ.

ಯುರೋಪಿನ ಎಐ ಕಾಯ್ದೆಯಲ್ಲಿ ಆಟೊಮೇಷನ್ ಬಯಾಸ್ ಹೆಸರು ಹಿಡಿದೇ ಬಂದಿದೆ. ಎಐ ಬಳಸುವ ಸಿಬ್ಬಂದಿಗೆ ಎಐ ಬಗ್ಗೆ ತಿಳಿವಳಿಕೆ ಇರಬೇಕು ಎಂಬ ಆ ಕಾಯ್ದೆಯ ನಿಯಮ 2025ರ ಫೆಬ್ರುವರಿ 2ರಿಂದ ಜಾರಿಗೆ ಬಂತು. ಎಐ ಕೊಟ್ಟ ಫಲಿತಾಂಶ ಯುರೋಪಿನಲ್ಲಿ ಬಳಕೆಯಾಗುವುದಾದರೆ, ಇಲ್ಲಿ ಕೂತು ಕೆಲಸ ಮಾಡುವ ಕಂಪನಿಗೂ ಆ ಕಾಯ್ದೆ ತಾಗಬಹುದು. ತಪ್ಪು ಯಂತ್ರದ್ದು ಅಂತ ಕೈ ತೊಳೆದುಕೊಳ್ಳುವ ದಾರಿಯೂ ಮುಚ್ಚುತ್ತಿದೆ. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬ ಏರ್ ಕೆನಡಾ ವಿಮಾನ ಕಂಪನಿಯ ವಾದವನ್ನು 2024ರಲ್ಲಿ ಕೆನಡಾದ ನ್ಯಾಯಮಂಡಳಿ ಒಪ್ಪಲಿಲ್ಲ.

ಹಾಗಾದರೆ ಟ್ರೈನಿಂಗ್‌ನಲ್ಲಿ ಏನಿರಬೇಕು? ಸ್ಲೈಡ್ ತೋರಿಸಿ, ಕೊನೆಗೆ ಸುಮ್ನೆ ನಾಲ್ಕು ಪ್ರಶ್ನೆ ಕೇಳಿ ಸರ್ಟಿಫಿಕೇಟ್ ಕೊಟ್ಟರೆ ಸಾಲದು. ಅನೇಕ ವಿಮಾನ ನಿಲ್ದಾಣಗಳ ಬ್ಯಾಗ್ ಸ್ಕ್ಯಾನರ್‌ಗಳಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಸಾಫ್ಟ್‌ವೇರ್ ಆಗಾಗ ಪಿಸ್ತೂಲಿನ ನಕಲಿ ಚಿತ್ರವನ್ನು ಯಾವುದೋ ಬ್ಯಾಗಿನೊಳಗೆ ತೂರಿಸುತ್ತದೆ. ನೋಡುವವರು ಹಿಡಿದರೋ ಬಿಟ್ಟರೋ ದಾಖಲಾಗುತ್ತದೆ. ಎಐ ಬಳಸುವ ಟೀಮಿನಲ್ಲೂ ಹೀಗೆ ಗೊತ್ತಿದ್ದೇ ತಪ್ಪು ಫೈಲ್ ಸೇರಿಸಿ, ಎಷ್ಟು ಸಿಕ್ಕಿಬಿದ್ದವು ಅಂತ ಲೆಕ್ಕ ಇಡಬಹುದು. ತಪ್ಪು ಹಿಡಿಯದೆ ಬಿಟ್ಟವರನ್ನು ಬೈಯಲು ಅಲ್ಲ, ಹೊರೆ ಎಷ್ಟು ಇಳಿಸಬೇಕು ಅಂತ ತಿಳಿಯಲು.

ಜೊತೆಗೆ ಸ್ಕ್ರೀನನ್ನೂ ಒಮ್ಮೆ ನೋಡಿ. ಎಐ ಹೇಳಿದ್ದನ್ನು ಒಪ್ಪಲು ಒಂದು ಕ್ಲಿಕ್ ಸಾಕು, ಬೇಡ ಅನ್ನಲು ಮಾತ್ರ ಕಾರಣ ಬರೆದು, ಮೇಲಿನವರ ಒಪ್ಪಿಗೆ ತರಬೇಕು ಅಂತಿದ್ದರೆ, ಸಂಜೆ ಆರಕ್ಕೆ ಮೆಟ್ರೊ ಹಿಡಿಯಬೇಕಾದವರು ಯಾವುದನ್ನು ಒತ್ತುತ್ತಾರೆ? ಅದನ್ನು ಬದಲಾಯಿಸಲು ದೊಡ್ಡ ಡೇಟಾ ಸೈಂಟಿಸ್ಟ್ ಬೇಕಿಲ್ಲ. ಮ್ಯಾನೇಜರ್ ಮನಸ್ಸು ಮಾಡಿದರೆ ಈ ವಾರವೇ ಆಗುವ ಕೆಲಸ.