ಓಆರ್‌ಎಸ್ ಗಟ್ಟಿಯಾಗಿ ಕಲಸಬೇಡಿ

ವಾಂತಿ ಭೇದಿ ಸೀಸನ್ ಶುರುವಾದ್ರೆ ಮಕ್ಕಳ ಓಪಿಡಿಯಲ್ಲಿ ದಿನಾ ಕೇಳೋ ಮಾತು ಇದು: "ಡಾಕ್ಟ್ರೇ, ಓಆರ್‌ಎಸ್ ಕೊಡ್ತಾನೇ ಇದೀವಿ, ಲೂಸ್ ಮೋಷನ್ ಕಮ್ಮಿನೇ ಆಗ್ತಿಲ್ಲ, ಒಂದು ಗ್ಲೂಕೋಸ್ ಹಾಕ್ಬಿಡಿ." ಹೇಗೆ ಕಲಸಿದ್ರಮ್ಮ ಅಂದ್ರೆ, ದೊಡ್ಡ ಪ್ಯಾಕೆಟ್ ಪೂರ್ತಿ ಒಂದೇ ಲೋಟ ನೀರಿಗೆ ಸುರಿದಿರ್ತಾರೆ, ಗಟ್ಟಿ ಇದ್ರೆ ಶಕ್ತಿ ಜಾಸ್ತಿ ಅಂತ. ಇನ್ನು ಕೆಲವರು ಮಗು ಕುಡೀಲಿ ಅಂತ ಮೇಲೆ ಎರಡು ಚಮಚ ಸಕ್ಕರೆ ಹಾಕಿರ್ತಾರೆ. ಎರಡೂ ಮಗೂಗೆ ಅಪಾಯ.

ಯಾಕೆ ಅಂತ ಹೇಳ್ತೀನಿ. ಮಣ್ಣಿನ ಹೂಜಿ ನೋಡಿ, ಮೈಯೆಲ್ಲಾ ಸಣ್ಣ ಸಣ್ಣ ತೂತು, ನೀರು ಜಿನುಗತ್ತೆ, ಅದರಲ್ಲಿ ಕರಗಿರೋ ಉಪ್ಪೂ ಜೊತೇಲೇ ಬಂದು ಹಳೇ ಹೂಜಿ ಮೇಲೆ ಬೆಳ್ಳಗೆ ಕಟ್ಟಿಕೊಳ್ಳತ್ತೆ. ಜೀವಕೋಶದ ಪೊರೆ ಹಾಗಲ್ಲ, ಅದು ಎರಡು ಪದರ ಕೊಬ್ಬು. ಆಕ್ಸಿಜನ್ ಸಲೀಸಾಗಿ ದಾಟತ್ತೆ, ಉಪ್ಪಲ್ಲಿರೋ ಸೋಡಿಯಂ ಎಷ್ಟೇ ಚಿಕ್ಕದಿದ್ರೂ ವಿದ್ಯುತ್ ಚಾರ್ಜ್ ಇರೋದ್ರಿಂದ ಕೊಬ್ಬು ಅದನ್ನ ಹತ್ರಾನೂ ಸೇರಿಸಲ್ಲ. ನೀರಿಗೆ ಮಾತ್ರ ತುಂಬಾ ಜೀವಕೋಶಗಳಲ್ಲಿ ಅಕ್ವಾಪೊರಿನ್ ಅನ್ನೋ ಪ್ರೋಟೀನಿನ ಬೇರೆ ದಾರಿ ಇದೆ, ಅದನ್ನ ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ನೀರು ಹೀಗೆ ಪೊರೆ ದಾಟೋದನ್ನ ಕಣ್ಣಾರೆ ನೋಡಬೇಕು ಅಂದ್ರೆ ಲ್ಯಾಬಲ್ಲಿ ಎರಡು ಟೆಸ್ಟ್ ಟ್ಯೂಬ್ ಸಾಕು. ಒಂದರಲ್ಲಿ 0.9% ಸಲೈನ್, ಅಂದ್ರೆ ರಕ್ತದಷ್ಟೇ ಸಾಂದ್ರತೆ ಇರೋ ಉಪ್ಪು ನೀರು, ಇನ್ನೊಂದರಲ್ಲಿ ಬರೀ ಡಿಸ್ಟಿಲ್ಡ್ ವಾಟರ್, ಎರಡಕ್ಕೂ ಒಂದೊಂದು ಹನಿ ರಕ್ತ. ಸಲೈನ್ ಮಂಕಾಗಿ ಹಾಗೇ ಇರತ್ತೆ, ಡಿಸ್ಟಿಲ್ಡ್ ವಾಟರ್ ಇರೋದು ಸ್ವಲ್ಪ ಹೊತ್ತಲ್ಲೇ ತಿಳಿಯಾಗಿ, ಹಿಂದೆ ಪೇಪರ್ ಹಿಡಿದ್ರೆ ಕೆಂಪು ಬಣ್ಣದ ಒಳಗಿಂದ ಅಕ್ಷರ ಓದಬಹುದು, ಯಾಕಂದ್ರೆ ನೀರು ನುಗ್ಗಿ ನುಗ್ಗಿ ರಕ್ತಕಣಗಳೆಲ್ಲಾ ಒಡೆದು ಹೋಗಿರ್ತವೆ. ಉಪ್ಪು ಸಕ್ಕರೆ ಯಾವ ಕಡೆ ಜಾಸ್ತಿನೋ ನೀರು ಆ ಕಡೆಗೇ ಹೋಗತ್ತೆ.

ಕರುಳಲ್ಲೂ ಇದೇ ಲೆಕ್ಕ. ನೀರನ್ನೇ ಎಳೆಯೋ ಪಂಪ್ ದೇಹದಲ್ಲಿ ಇಲ್ಲ, ಸೋಡಿಯಂ ಒಳಗೆ ಹೋದ್ರೆ ಹಿಂದೆನೇ ನೀರು ಹೋಗತ್ತೆ. ಸೋಡಿಯಂ ಒಳಗೆ ತಗೊಳ್ಳೋಕೆ ಸಣ್ಣ ಕರುಳಲ್ಲಿ ಒಂದು ಪ್ರೋಟೀನ್ ಇದೆ, ಎಸ್‌ಜಿಎಲ್‌ಟಿ1 ಅಂತ, ಅದು ಎರಡು ಸೋಡಿಯಂ ಜೊತೆ ಒಂದು ಗ್ಲೂಕೋಸ್ ಸಿಕ್ಕಿದ್ರೇನೇ ಸಾಗಿಸೋದು. ಕಾಲರಾ ವಿಷ ಕರುಳಿಂದ ಉಪ್ಪು ನೀರನ್ನ ಹೊರಗೆ ಸುರಿಸ್ತಾ ಇದ್ರೂ ಈ ಪ್ರೋಟೀನ್ ತನ್ನ ಕೆಲಸ ಬಿಡಲ್ಲ, ನಂಗೆ ಇದು ಇವತ್ತಿಗೂ ದೊಡ್ಡ ಭಾಗ್ಯ ಅನ್ಸತ್ತೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಕ್ಯಾಂಪಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ, ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಖಾಲಿಯಾಗ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಕಲಸಿ ಡ್ರಮ್ಮಲ್ಲಿ ತುಂಬಿಟ್ಟು ಮನೆಯವರ ಕೈಲೇ ಕುಡಿಸಿದ್ರು, 20-30% ಇದ್ದ ಸಾವು 3.6%ಕ್ಕೆ ಇಳೀತು.

ಈಗಿನ ಓಆರ್‌ಎಸ್ 2002ರ ಡಬ್ಲ್ಯುಎಚ್‌ಒ ಫಾರ್ಮುಲಾ. ಲೀಟರಿಗೆ ಮಿಲಿಮೋಲ್ (ಕರಗಿರೋ ಕಣಗಳ ಎಣಿಕೆ) ಲೆಕ್ಕದಲ್ಲಿ ಸೋಡಿಯಂ 75, ಗ್ಲೂಕೋಸ್ 75, ಎಲ್ಲಾ ಸೇರಿ ಸಾಂದ್ರತೆ 245, ರಕ್ತದ್ದು ಸುಮಾರು 290, ಅಂದ್ರೆ ಕರುಳಿಂದ ರಕ್ತದ ಕಡೆಗೆ ನೀರು ಹರಿಯೋ ಹಾಗೆ ಬೇಕಂತಲೇ ಮಾಡಿರೋದು. ಒಂದು ಲೋಟಕ್ಕೆ ದೊಡ್ಡ ಪ್ಯಾಕೆಟ್ ಪೂರ್ತಿ ಸುರಿದ್ರೆ, ಇಲ್ಲಾ ಮೇಲೆ ಸಕ್ಕರೆ ಹಾಕಿದ್ರೆ ಈ ಲೆಕ್ಕ ಉಲ್ಟಾ ಆಗತ್ತೆ, ಮಗು ಮೈಯಲ್ಲಿರೋ ನೀರೇ ಕರುಳಿಗೆ ಇಳಿಯತ್ತೆ, ಭೇದಿ ಜಾಸ್ತಿ ಆಗತ್ತೆ, ರಕ್ತದಲ್ಲಿ ಸೋಡಿಯಂ ಏರಿದ್ರೆ ಫಿಟ್ಸ್ ಕೂಡ ಬರಬಹುದು. ಕೂಲ್ ಡ್ರಿಂಕ್ಸು, ಟೆಟ್ರಾ ಪ್ಯಾಕ್ ಜ್ಯೂಸಲ್ಲಿ ಸಕ್ಕರೆ ವಿಪರೀತ, ಸೋಡಿಯಂ ಇಲ್ಲದಷ್ಟು ಕಮ್ಮಿ, ದಯವಿಟ್ಟು ಬೇಡ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಕೊಡಿ, ಎದೆಹಾಲು ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ದೊಡ್ಡ ಪ್ಯಾಕೆಟ್ ಆದ್ರೆ 1 ಲೀಟರ್, ಚಿಕ್ಕದಾದ್ರೆ 200 ಎಂಎಲ್, ಮೇಲೆ ಬರೆದಿರತ್ತೆ, ಓದಿ, ಅಳತೆ ಮಾಡಿ, ಕಲಸಿದ್ದು 24 ಗಂಟೆ ಆದ್ಮೇಲೆ ಚೆಲ್ಲಿ. ಓಆರ್‌ಎಸ್ ಭೇದಿ ನಿಲ್ಲಿಸೋ ಔಷಧಿ ಅಲ್ಲ ಕಣ್ರಮ್ಮ, ಹೋಗಿರೋ ನೀರು ಉಪ್ಪು ವಾಪಸ್ ತುಂಬೋದು, ಹಾಗಾಗಿ ಮೋಷನ್ ಆಗ್ತಾನೇ ಇದ್ರೂ ಕೊಡ್ತಾ ಇರಿ. ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರು ಮಾಡಿ. ಕಣ್ಣು ಗುಳಿ ಬಿದ್ದಿದ್ರೆ, ಮಗು ಮಂಕಾಗಿ ಕುಡಿಯೋದನ್ನೇ ಬಿಟ್ರೆ, ಹೊಟ್ಟೆ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಇಳಿದ್ರೆ, ಮೋಷನ್ನಲ್ಲಿ ರಕ್ತ ಕಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿನೇ ಕರ್ಕೊಂಡು ಬನ್ನಿ.